ಮಳೆ ಪುಸ್ತಕದಲ್ಲಿ ಬಿಸಿಲಿನ ಕಾಲಂ



ಮಳೆಗಾಲದಲ್ಲಿ ನಮ್ಮ ಸುಂಟಿಕೊಪ್ಪ ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲು ಕೇಳುವುದು, "ನಿಮ್ಮಲ್ಲಿ ಎಷ್ಟಾಯಿತು?" ಉತ್ತರವೂ ಬಾಯಲ್ಲೇ ಇರುತ್ತದೆ: "ಎರಡು ಇಂಚು ಇಪ್ಪತ್ತು ಸೆಂಟು." ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಕೊಡಗಿನ ತೋಟದ ಮಳೆ ಇಂಚಿನಲ್ಲೇ ಸುರಿಯುತ್ತದೆ. ಅಜ್ಜನ ಕಾಲದ ಮಳೆ ಪುಸ್ತಕವನ್ನು ಜಮ್ಮಾ ಭೂಮಿಯ ದಾಖಲೆಯಷ್ಟೇ ಜೋಪಾನವಾಗಿಟ್ಟ ಮನೆಗಳು ಇಲ್ಲಿವೆ. ಆದರೆ "ನಿನ್ನೆ ಬಿಸಿಲು ಎಷ್ಟಾಯಿತು?" ಎಂದು ಒಬ್ಬರೂ ಕೇಳಿದ್ದನ್ನು ನಾನು ಕಂಡಿಲ್ಲ. ಯಾರೂ ಕೇಳದ ಆ ಪ್ರಶ್ನೆಯೇ ನನ್ನ ಇವತ್ತಿನ ವಿಷಯ.

ಬಿಸಿಲನ್ನು ಅಳೆಯಬಹುದೇ? 1853ರಲ್ಲಿ ಸ್ಕಾಟ್ಲೆಂಡಿನ ಜಾನ್ ಫ್ರಾನ್ಸಿಸ್ ಕ್ಯಾಂಪ್‌ಬೆಲ್ ಎಂಬಾತ ಅಳೆದು ತೋರಿಸಿದ. ಮರದ ಬಟ್ಟಲಿನೊಳಗೆ ಗಾಜಿನ ಗೋಳ ಇಟ್ಟ. ಸೂರ್ಯ ಸರಿದಂತೆ ಗೋಳ ಕೂಡಿಸಿದ ಬೆಳಕು ಬಟ್ಟಲಿನ ಮೈಯನ್ನು ಸುಡುತ್ತ ಹೋಯಿತು. ಈತ ವೃತ್ತಿಯಿಂದ ವಿಜ್ಞಾನಿಯಲ್ಲ. ತನ್ನ ನಾಡಿನ ಹಳ್ಳಿಗಳಲ್ಲಿ ಜನಪದ ಕಥೆಗಳನ್ನು ಸಂಗ್ರಹಿಸಿ ಹೆಸರಾದವನು. 1924ರಲ್ಲಿ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯನ್ನು ಕೊಟ್ಟ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಅಧಿಕಾರಿಯಾಗಿದ್ದರು ಎಂಬುದು ನನಗೆ ಇಲ್ಲಿ ನೆನಪಾಗುತ್ತದೆ. ಕಳೆದುಹೋಗುವುದನ್ನು ಹಿಡಿದಿಡಬೇಕೆಂಬ ತವಕ ಇರುವವರು ಉದ್ಯೋಗ ಯಾವುದೆಂದು ನೋಡುವುದಿಲ್ಲ.

1879ರಲ್ಲಿ ಭೌತಶಾಸ್ತ್ರಜ್ಞ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಮರದ ಬಟ್ಟಲನ್ನು ತೆಗೆದು ಲೋಹದ ಚೌಕಟ್ಟು ಮಾಡಿ, ಅದರಲ್ಲಿ ದಿನಕ್ಕೊಂದು ಕಾರ್ಡು ಸಿಕ್ಕಿಸುವ ಏರ್ಪಾಡು ತಂದರು. ನಮ್ಮ ಹವಾಮಾನ ಇಲಾಖೆಯೂ ದಶಕಗಳ ಕಾಲ ಬಳಸಿದ್ದು ಇದನ್ನೇ. ಸುಲಿದ ತೆಂಗಿನಕಾಯಿ ಗಾತ್ರದ ಗಾಜಿನ ಗುಂಡು, ಅದರ ಬೆನ್ನಿಗೆ ಗಂಟೆಯ ಗೆರೆ ಎಳೆದ ಕಾರ್ಡು. ಬಿಸಿಲಿದ್ದಷ್ಟು ಹೊತ್ತು ಕಾರ್ಡಿನ ಮೇಲೆ ಕಂದು ಗೆರೆ ಸುಟ್ಟುಕೊಂಡು ಸಾಗುತ್ತದೆ. ಮೋಡ ಬಂತೋ, ಗೆರೆ ತುಂಡಾಗುತ್ತದೆ. ಸಂಜೆ ಕಾರ್ಡು ತೆಗೆದು ತುಂಡುಗಳ ಉದ್ದ ಕೂಡಿಸಿದರೆ ಆ ದಿನದ ಬಿಸಿಲು. ತೊಡಕೂ ಇದೆ: ಮೋಡದ ಸಂದಿನಿಂದ ಕ್ಷಣಕಾಲ ಇಣುಕಿದ ಸುಡುಬಿಸಿಲು ದೊಡ್ಡ ಚುಕ್ಕೆಯನ್ನೇ ಸುಡುವುದರಿಂದ ಲೆಕ್ಕ ಹೆಚ್ಚಾಗುತ್ತದೆ, ನೆನೆದ ಕಾರ್ಡು ಬೇಗ ಸುಡದೆ ಲೆಕ್ಕ ಕಡಿಮೆಯಾಗುತ್ತದೆ. ಅದಕ್ಕೇ ವಿಶ್ವ ಹವಾಮಾನ ಸಂಸ್ಥೆ ಒಂದು ಗಡಿ ಹಾಕಿದೆ: ಸೂರ್ಯನಿಂದ ನೇರವಾಗಿ ಬೀಳುವ ಶಕ್ತಿ ಚದರ ಮೀಟರಿಗೆ 120 ವಾಟ್ ದಾಟಿದರೆ ಅದು ಬಿಸಿಲು. ನೆಲದ ಮೇಲೆ ನೆರಳಿನ ಅಂಚು ಕಾಣತೊಡಗುವುದು ಹೆಚ್ಚುಕಡಿಮೆ ಆಗಲೇ.

ಭೂಮಿಯ ಮೇಲೆ ಯಾವ ಊರೇ ಇರಲಿ, ವರ್ಷದಲ್ಲಿ ಸೂರ್ಯ ದಿಗಂತದ ಮೇಲಿರುವುದು ಹತ್ತಿರ ಹತ್ತಿರ 4,400 ಗಂಟೆ. ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟದ ನಾರ್ವೆಯ ಟ್ರೋಮ್ಸೊಗೂ ಬೇಸಿಗೆಯಲ್ಲಿ ಆ ಬಾಕಿ ತೀರುತ್ತದೆ. ಆಕಾಶದ ಈ ಹಂಚಿಕೆಯಲ್ಲಿ ಪಕ್ಷಪಾತವಿಲ್ಲ. ವ್ಯತ್ಯಾಸ ಮಾಡುವುದು ಮೋಡ. ಅಮೆರಿಕದ ಅರಿಜೋನಾದ ಯೂಮಾ ಊರಿಗೆ ವರ್ಷಕ್ಕೆ ಸುಮಾರು 4,000 ಗಂಟೆ ಬಿಸಿಲು ದಕ್ಕಿದರೆ, ಉತ್ತರ ಅಟ್ಲಾಂಟಿಕ್ಕಿನ ಫೆರೋ ದ್ವೀಪಗಳ ಟೋರ್ಸ್‌ಹಾವ್ನ್‌ಗೆ ದಕ್ಕುವುದು ಸುಮಾರು 840.

ನಮ್ಮೂರಿಗೆ ಬರೋಣ. ಸುಂಟಿಕೊಪ್ಪದಲ್ಲಿ ಅತಿ ದೀರ್ಘ ಹಗಲು ಜೂನ್‌ನಲ್ಲಿ, ಹನ್ನೆರಡು ಮುಕ್ಕಾಲು ಗಂಟೆಗೂ ಮಿಕ್ಕಿ. ಡಿಸೆಂಬರಿನ ಕಿರುಹಗಲು ಹನ್ನೊಂದೂವರೆ ಗಂಟೆಯೂ ಇಲ್ಲ. ಆದರೆ ಆ ಉದ್ದ ಹಗಲನ್ನು ಮುಂಗಾರು ಮುಚ್ಚಿಬಿಡುತ್ತದೆ. ಮಳೆ ಸುರಿಯುವ ಕಕ್ಕಡ ತಿಂಗಳಲ್ಲಿ ಒಂದು ಗಳಿಗೆ ಹೊಳವಾದರೆ ಮನೆಮಂದಿಯೆಲ್ಲ ಬಟ್ಟೆ ಹಿಡಿದು ಅಂಗಳಕ್ಕೆ ಓಡುತ್ತೇವೆ. ನಮಗೆ ಒಳ್ಳೆ ಬಿಸಿಲು ಸಿಗುವುದು ಚಳಿಗಾಲದ ಗಿಡ್ಡ ಹಗಲುಗಳಲ್ಲಿ. ಕಾಫಿ ಕಣಕ್ಕೆ ಬರುವುದೂ ಆಗಲೇ. ಹಣ್ಣನ್ನು ತೆಳ್ಳಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸುತ್ತ ಒಣಗಿಸಿದರೆ ಒಳ್ಳೆ ಬಿಸಿಲಿನಲ್ಲಿ 12ರಿಂದ 15 ದಿನ. ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದಾಗ ಗಿಲಗಿಲ ಎಂದರೆ ಒಣಗಿತೆಂದು ಅರ್ಥ. ಆ ಸದ್ದಿನಲ್ಲಿ ಎಷ್ಟು ಗಂಟೆಯ ಬಿಸಿಲು ಕೂಡಿದೆ ಎಂದು ನಮಗೆ ಗೊತ್ತಿಲ್ಲ.

2021ರ ಜನವರಿ ಮೊದಲ ವಾರದ ಅಕಾಲ ಮಳೆ ನಿಮಗೆಲ್ಲ ನೆನಪಿದೆ. ಎಷ್ಟು ಇಂಚು ಬಂತೆಂದು ಪುಸ್ತಕ ನೋಡಿ ಹೇಳಬಲ್ಲಿರಿ. ಆದರೆ ಕಣದ ಕಾಫಿಗೆ ಬೂಷ್ಟು ಹಿಡಿಸುವುದು ಸುರಿದ ಮಳೆಯೊಂದೇ ಅಲ್ಲ, ಮಳೆ ನಿಂತ ಮೇಲೂ ಬಾರದ ಬಿಸಿಲು. ಆ ದಿನಗಳು ಯಾವ ಪುಸ್ತಕದಲ್ಲಿವೆ?

ತೋಟದೊಳಗೂ ಇದೇ ಕಥೆ. ಮಳೆಗೆ ಮುಂಚೆ ಹಾಲುವಾಣ, ಸಿಲ್ವರ್ ಓಕ್‌ಗಳ ಕೊಂಬೆ ಕಡಿದು ಮರಗಸಿ ಮಾಡುವುದು ಬಿಸಿಲನ್ನು ಒಳಗೆ ಬಿಡಲಿಕ್ಕೆ. ನೆರಳು ದಟ್ಟವಾದರೆ ಕೊಳೆರೋಗ. 1876ರಲ್ಲಿ ಕುಕ್ ಎಂಬ ವಿಜ್ಞಾನಿ ಆ ರೋಗ ತರುವ ಶಿಲೀಂಧ್ರಕ್ಕೆ ಹೆಸರಿಡುವಾಗ ನಮ್ಮ 'ಕೊಳೆರೋಗ'ವನ್ನೇ ಲ್ಯಾಟಿನ್ನಿಗೆ ಸೇರಿಸಿದರು. ಲೋಕಕ್ಕೆ ಆ ಪದ ಕೊಟ್ಟವರು ನಮ್ಮ ತೋಟದವರು. ನೆರಳು ತೀರಾ ತೆಳುವಾದರೆ ಅರೇಬಿಕಾ ಕಾಂಡದ ಮೇಲೆ ಬಿಸಿಲು ಬಿದ್ದು ಬಿಳಿ ಕಾಂಡಕೊರಕ ಮೊಟ್ಟೆ ಇಡುತ್ತದೆ. ಎಷ್ಟು ಬಿಸಿಲು ಸಾಕು, ಎಷ್ಟು ಹೆಚ್ಚು ಎಂಬ ಈ ತೂಗಾಟವೇ ಕಾಫಿ ಕೃಷಿ. ಪಕ್ಕದ ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಪಂಚಾಯಿತಿಗಳಲ್ಲಿ ಈಗ ಮಳೆಯನ್ನು ತಾನೇ ಅಳೆದು ಕಳಿಸುವ ಯಂತ್ರಗಳಿವೆ. ಆದರೆ ನಿಮ್ಮ ಕಣದ ಮೇಲಿನ ಬಿಸಿಲನ್ನು ನಿಮ್ಮಷ್ಟು ಹತ್ತಿರದಿಂದ ನೋಡುವವರು ಬೇರೆ ಯಾರೂ ಇಲ್ಲ.

ಗಾಜಿನ ಗುಂಡು ಎಲ್ಲರಿಗೂ ಸಿಗಲಿಕ್ಕಿಲ್ಲ. ಕಣದ ಬದಿಯಲ್ಲಿ ಒಂದು ಕೋಲು ನೆಡಿ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ನೋಡಿ, ನೆರಳಿನ ಅಂಚು ಕಂಡರೆ ಒಂದು ಗೀಟು ಹಾಕಿ. ಕರಾರುವಾಕ್ ಲೆಕ್ಕ ಇದಲ್ಲ. ಆದರೆ ಹತ್ತು ವರ್ಷ ಬಿಡದೆ ಬರೆದರೆ ನಮ್ಮ ಮಕ್ಕಳ ಕೈಗೆ ಒಂದು ದಾಖಲೆ ಸಿಗುತ್ತದೆ. ನಾಳೆ ಬೆಳಿಗ್ಗೆ ಮಳೆ ಪುಸ್ತಕ ತೆರೆದಾಗ ಇಂಚಿನ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ 'ಬಿಸಿಲು' ಎಂದು ಬರೆಯಿರಿ. ಕೈಮುಗಿದು ಕೇಳುತ್ತೇನೆ.