ಅಪ್ಪನಿಗಾಗಿ ಒಂದು ರುಜು

ಲಂಡನ್ನಿನ ಸ್ಯಾಮ್ಯುಯೆಲ್ ಐರ್ಲೆಂಡ್‌ಗೆ ಶೇಕ್ಸ್‌ಪಿಯರ್ ಎಂದರೆ ಪಂಚಪ್ರಾಣ. ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಾಟಕ ಓದುತ್ತಿದ್ದರು. ಆ ಮಹಾಕವಿಯ ಒಂದೇ ಒಂದು ರುಜು ಸಿಕ್ಕರೂ ಸಾಕೆಂದು ಹಂಬಲಿಸುತ್ತಿದ್ದರು. ಕೇಳುತ್ತ ಕೂತ ಮಗ ವಿಲಿಯಂ ಹೆನ್ರಿ ಮಾತ್ರ ಅವರ ಕಣ್ಣಿಗೆ ದಡ್ಡ.

ಆ ಹುಡುಗ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದ. 1794ರ ಡಿಸೆಂಬರಿನಲ್ಲಿ ಅಲ್ಲಿನ ಹಳೆಯ ಚರ್ಮಪತ್ರದ ಮೇಲೆ ಕರಾರೊಂದನ್ನು ಬರೆದ, ಶೇಕ್ಸ್‌ಪಿಯರ್ ರುಜು ಹಾಕಿದ. ಬೆಂಕಿಯ ಕಾವಿಗೆ ಹಿಡಿದಾಗ ಶಾಯಿ ಕಂದುಬಣ್ಣಕ್ಕೆ ತಿರುಗಿತು. ಹಳೆಯ ದಸ್ತಾವೇಜಿನ ಅರಗಿನ ಮುದ್ರೆಯನ್ನೂ ಅಂಟಿಸಿ ಅಪ್ಪನ ಕೈಗಿತ್ತ. ಅಪ್ಪನ ಮುಖ ಅರಳಿತು. ಅಷ್ಟಕ್ಕೆ ನಿಲ್ಲಿಸಲು ಅವನಿಂದಾಗಲಿಲ್ಲ. ಪತ್ರಗಳು ಬಂದವು, ಕೊನೆಗೆ ಇಡೀ ನಾಟಕವೇ ಬಂತು.

ಮಾಡಿದ್ದು ಮೋಸವೇ, ಎಷ್ಟೋ ವಿದ್ವಾಂಸರು ಏಮಾರಿದರು. ಆದರೂ ನನ್ನ ಮನಸ್ಸು ಆ ಸಂಜೆಯ ಓದಿನ ಕೋಣೆಗೇ ಹೋಗುತ್ತದೆ. ನಾಲ್ಕು ಜನರ ನಡುವೆ ಬದುಕುವುದನ್ನು ಮಗು ಮೊದಲು ಕಲಿಯುವುದು ಮನೆಯಲ್ಲಿ. ತನ್ನ ಮಾತಿಗೆ ಅಲ್ಲಿ ಕಿವಿಗೊಡುವವರಿಲ್ಲದಿದ್ದರೆ, ಯಾರ ಮಾತಿಗೆ ಬೆಲೆಯಿದೆಯೋ ಅವರ ದನಿಯನ್ನೇ ಅದು ಎರವಲು ತರುತ್ತದೆ. ಮಕ್ಕಳ ಸುಳ್ಳಿಗೆ ಗದರುವಷ್ಟು ಬೇಗ ನಾವು ಅದರ ಕಾರಣ ಕೇಳುವುದಿಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ.

1796ರ ಮಾರ್ಚ್ ಕೊನೆಯಲ್ಲಿ ಎಡ್ಮಂಡ್ ಮಲೋನ್ ಎಂಬ ವಿದ್ವಾಂಸರು ಕಾಗದಗಳೆಲ್ಲ ನಕಲಿಯೆಂದು ಪುಸ್ತಕ ಬರೆದು ತೋರಿಸಿದರು. ಎರಡೇ ದಿನದಲ್ಲಿ, ಏಪ್ರಿಲ್ 2ರಂದು, ಡ್ರೂರಿ ಲೇನ್ ರಂಗಮಂದಿರದಲ್ಲಿ ಆ ನಾಟಕ ನಗೆಪಾಟಲಾಯಿತು. ಎಲ್ಲವೂ ತನ್ನದೇ ಕೈಬರಹವೆಂದು ಮಗ ಒಪ್ಪಿಕೊಂಡ. ಅಪ್ಪ ನಂಬಲಿಲ್ಲ. ಇಂಥದ್ದನ್ನು ಬರೆಯುವ ಶಕ್ತಿ ತನ್ನ ಮಗನಿಗಿಲ್ಲ ಎಂದುಕೊಂಡೇ 1800ರಲ್ಲಿ ತೀರಿಕೊಂಡರು.