ನಾಲ್ಕು ತಂಡ, ಒಂದು ಉಂಗುರ
(ಜುಮಾ ಖುತ್ಬಾ ಸಾರಾಂಶ)



ಕನ್ಯಾ ರಾಶಿಯ ದಿಕ್ಕಿನಲ್ಲಿ ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳ ಒಂದು ಗುಂಪಿದೆ. ಅದರ ನಡುವೆ ಎಂ87 ಎಂಬ ಬೃಹತ್ ಗ್ಯಾಲಕ್ಸಿ ಹೊಳೆಯುತ್ತಿದೆ. 1781ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ ಕಣ್ಣಿಗೆ ಅದು ಬರೀ ಮಸುಕು ಕಲೆ. ಇಂದು ನಮ್ಮನ್ನು ತಲುಪುವ ಅದರ ಬೆಳಕು ಅಲ್ಲಿಂದ ಹೊರಟು ಸುಮಾರು ಐದೂವರೆ ಕೋಟಿ ವರ್ಷಗಳಾಗಿವೆ. ಅಲ್ಲಾಹನ ಸೃಷ್ಟಿಯ ಈ ವೈಶಾಲ್ಯದ ಮುಂದೆ ನಾವೆಷ್ಟರವರು!

ಅದರ ಕೇಂದ್ರದಲ್ಲಿ ಸೂರ್ಯನ 650 ಕೋಟಿ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಯಿದೆ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಅದರ ಚಿತ್ರವನ್ನು, ಆ ಕೆಂಪು ಉಂಗುರವನ್ನು, ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರುತ್ತೀರಿ. ಆದರೆ ದೂರದರ್ಶಕಗಳ ವೀಕ್ಷಣೆ 2017ರ ಏಪ್ರಿಲಿನಲ್ಲೇ ಮುಗಿದಿತ್ತು. ಮತ್ತೆ ಎರಡು ವರ್ಷ ಏಕೆ? ಕಾಣಬೇಕೆಂಬ ಆಸೆಯೇ ಕಣ್ಣನ್ನು ಮೋಸಗೊಳಿಸೀತು ಎಂಬ ಭಯ. ಚಿತ್ರ ರಚಿಸುವವರು ನಾಲ್ಕು ತಂಡಗಳಾದರು. ಒಂದು ತಂಡದ ಚಿತ್ರವನ್ನು ಇನ್ನೊಂದಕ್ಕೆ ತೋರಿಸಲಿಲ್ಲ. ನಾಲ್ಕೂ ಕಡೆ ಉಂಗುರವೇ ಮೂಡಿತು. ಆಮೇಲೂ ತಿಂಗಳುಗಟ್ಟಲೆ ಪರೀಕ್ಷಿಸಿಯೇ ಜಗತ್ತಿಗೆ ಹೇಳಿದರು.

ಸುದ್ದಿ ಬಂದರೆ ಪರಿಶೀಲಿಸಬೇಕೆಂಬ ಆಜ್ಞೆ ನಮಗೂ ಇದೆ. ಆದರೂ ನೆರೆಮನೆಯ ಹುಡುಗಿಯ ಬಗ್ಗೆ ಬಂದ ಧ್ವನಿ ಸಂದೇಶವನ್ನು ಕೆಲವರು ಪೂರ್ತಿ ಕೇಳುವ ಮೊದಲೇ ನಾಲ್ಕು ಗ್ರೂಪಿಗೆ ಕಳುಹಿಸಿಬಿಡುತ್ತಾರೆ. ಆ ಹುಡುಗಿಯ ತಂದೆಯೂ ಇದೇ ಸಫ್‌ಗಳಲ್ಲಿ ನಿಂತು ನಮಾಝ್ ಮಾಡುವವರು.