ದನದ ರಕ್ತ ತೆಳುವಾಗುವ ಮೊದಲು

ದಾಂಡೇಲಿಯ ಊರಂಚಿನ ಕೊಟ್ಟಿಗೆಯಲ್ಲಾಗಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಾಡಂಚಿನಲ್ಲಾಗಲಿ ದನದ ಕಿವಿಯನ್ನು ತಿರುವಿ ನೋಡಿದರೆ ನಾಲ್ಕಾರು ಉಣ್ಣೆಗಳು ಕಾಣುವುದು ಅಪರೂಪವಲ್ಲ. 'ಉಣ್ಣೆಯಿಲ್ಲದ ದನ ಎಲ್ಲಿದೆ?' ಎಂದು ನಾವು ಸುಮ್ಮನಾಗುತ್ತೇವೆ. ಉಣ್ಣೆ ಕುಡಿಯುವ ರಕ್ತಕ್ಕಿಂತ ಅದು ದನದ ಮೈಯಲ್ಲಿ ಬಿಟ್ಟುಹೋಗುವ ರೋಗಾಣುವಿನಿಂದಲೇ ಹೆಚ್ಚು ಕೇಡು.

ಇದು ಮೊದಲು ಖಚಿತವಾದದ್ದು 1893ರಲ್ಲಿ. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ದನಗಳ ಒಂದು ಜ್ವರ ಉಣ್ಣೆಯಿಂದ ಹರಡುವುದೆಂದು ತೋರಿಸಿಕೊಟ್ಟರು. ಮಲೇರಿಯಾದ ರೋಗಾಣುವನ್ನು ರೊನಾಲ್ಡ್ ರಾಸ್ ಸೊಳ್ಳೆಯಲ್ಲಿ ಕಂಡದ್ದು ಅದಾದ ಮೇಲೆ, 1897ರಲ್ಲಿ.

ನಮ್ಮ ದನಗಳನ್ನು ಕಾಡುವ ಇಂಥ ರೋಗಾಣುಗಳಲ್ಲಿ ಎರಡು ಮುಖ್ಯವಾದವು: ಬೆಬೀಸಿಯಾ ಮತ್ತು ಥೈಲೇರಿಯಾ. ಬೆಬೀಸಿಯಾ ಕೆಂಪು ರಕ್ತಕಣದೊಳಗೆ ಹೊಕ್ಕು, ಬೆಳೆದು, ಅದನ್ನು ಒಡೆಯುತ್ತದೆ. ಕಣದೊಳಗಿನ ಕೆಂಪು ಬಣ್ಣ ಮೂತ್ರದಲ್ಲಿ ಇಳಿದು ಕಾಫಿ ಡಿಕಾಕ್ಷನ್ನಿನಂತೆ ಕಾಣುತ್ತದೆ. ಇದನ್ನು ನೋಡಿದೊಡನೆ ಎಲ್ಲರೂ ಗಾಬರಿಯಾಗಿ ವೈದ್ಯರಲ್ಲಿಗೆ ಓಡುತ್ತಾರೆ.

ಥೈಲೇರಿಯಾದ ರೀತಿ ಬೇರೆ. ಅದು ಮೊದಲು ಬಿಳಿ ರಕ್ತಕಣದಲ್ಲಿ ಬೆಳೆಯುತ್ತದೆ. ಭುಜದ ಮುಂದಿನ ಗ್ರಂಥಿ ಕೈಗೆ ಸಿಗುವಷ್ಟು ಊದುತ್ತದೆ; ಜ್ವರ 105-106 ಡಿಗ್ರಿಗೆ ಏರುತ್ತದೆ; ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಕುಗ್ಗುತ್ತದೆ. ರೋಗಾಣು ಕೆಂಪು ಕಣಕ್ಕೆ ದಾಟುವುದು ಆಮೇಲೆ. ಆಗ ಆ ಕಣಗಳೂ ನಾಶವಾಗತೊಡಗುತ್ತವೆ. ಆರೋಗ್ಯವಾದ ಹಸುವಿನ 100 ಮಿಲಿಲೀಟರ್ ರಕ್ತದಲ್ಲಿ 8ರಿಂದ 15 ಗ್ರಾಂ ಹಿಮೊಗ್ಲೋಬಿನ್ ಇರಬೇಕು. ರೋಗ ಬಲಿತಾಗ ಅದು ಇದಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ. ಕಣ್ಣರೆಪ್ಪೆಯ ಒಳಗು ಬಿಳಿಚುತ್ತದೆ, ಕೆಲವು ಸಲ ಹಳದಿಯಾಗುತ್ತದೆ. ಹಸು ಏದುಸಿರು ಬಿಡುತ್ತದೆ. ಆದರೂ ಮೂತ್ರ ಸಾಮಾನ್ಯವಾಗಿ ಕೆಂಪಾಗುವುದಿಲ್ಲ. ಕೆಂಪು ಮೂತ್ರ ಕಾಣಲಿ ಎಂದು ಕಾಯುತ್ತ ಕುಳಿತವರು ಹಸುವನ್ನು ಕಳೆದುಕೊಳ್ಳುವುದು ಇಲ್ಲಿಯೇ.

ಆದ್ದರಿಂದ ಜ್ವರ ಬಂದು, ಮೇವು ಬಿಟ್ಟು, ಹಾಲು ತಟ್ಟನೆ ಇಳಿದ ದಿನವೇ ಪಶುವೈದ್ಯರನ್ನು ಕರೆಯಿರಿ. ಚುಚ್ಚುಮದ್ದು ಕೊಡುವ ಮೊದಲೇ ರಕ್ತಪರೀಕ್ಷೆಗೆ ಕೇಳಿಕೊಳ್ಳಿ. ಕಿವಿಯ ತುದಿಯ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಊದಿದ ಗ್ರಂಥಿಯಿಂದಲೂ ಕೆಲವೊಮ್ಮೆ ಹನಿ ತೆಗೆಯುತ್ತಾರೆ. ಬೆಬೀಸಿಯಾಕ್ಕೆ ಕೊಡುವ ಔಷಧಿ ಬೇರೆ, ಥೈಲೇರಿಯಾಕ್ಕೆ ಕೊಡುವುದು ಬೇರೆ. ಊಹೆಯ ಮೇಲೆ ಮದ್ದು ಕೊಡಿಸಿದರೆ ದುಡ್ಡೂ ಹೋಗುತ್ತದೆ, ಹೊತ್ತೂ ಹೋಗುತ್ತದೆ.

ಜವಾರಿ ದನಗಳು ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಹೆಚ್ಚು ಹಾಲಿನ ಆಸೆಯಿಂದ ನಾವು ತಂದು ಕಟ್ಟಿದ ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳಿಗೆ ಆ ಶಕ್ತಿ ಕಡಿಮೆ. ಅವುಗಳಿಗೆ ಥೈಲೇರಿಯಾ ತಡೆಯುವ ಲಸಿಕೆ ಇದೆ, ವೈದ್ಯರನ್ನು ವಿಚಾರಿಸಿ.

ಇನ್ನೊಂದು ಮಾತು. ಥೈಲೇರಿಯಾ ಹರಡುವ ಉಣ್ಣೆ ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅಡಗಿರುತ್ತದೆ. ದನದ ಮೈಗೆ ಮಾತ್ರ ಔಷಧಿ ಹಚ್ಚಿದರೆ ಸಾಲದು; ಬಿರುಕುಗಳನ್ನು ಮುಚ್ಚಿ ಗೋಡೆಗೆ ಗಾರೆ ಮಾಡಿಸಿ. ನಾಳೆ ಹಾಲು ಕರೆಯಲು ಕುಳಿತಾಗ ಹಸುವಿನ ಕಿವಿ, ಕೆಚ್ಚಲು, ಬಾಲದ ಬುಡ ಇವನ್ನೊಮ್ಮೆ ನೋಡಿ. ಕಣ್ಣರೆಪ್ಪೆಯನ್ನೂ ಬಿಡಿಸಿ ನೋಡಿ. ಚೆನ್ನಾಗಿರುವಾಗ ಅದರ ಬಣ್ಣ ಹೇಗಿತ್ತೆಂದು ಬಲ್ಲವರಿಗೇ ಅದು ಕೆಟ್ಟಾಗ ತಿಳಿಯುತ್ತದೆ.